ಬಿರುಕು ಬಿಟ್ಟ ಮನೆಗೂ ಪೂರ್ತಿ ತೆರಿಗೆ ಕಟ್ಟಬೇಕೇ?

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕಿನ ಗ್ರಾಮ ಪಂಚಾಯಿತಿ ವ್ಯಾಪ್ತಿಯ 1,150 ಚದರ ಅಡಿಯ ತಾರಸಿ ಮನೆ. ಬರೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣು, ಕಡಿದು ಮಟ್ಟ ಮಾಡಿದ ಜಾಗದಲ್ಲಿ 2013ರಲ್ಲಿ ಕಟ್ಟಿಸಿದ್ದು. 2018ರ ಮಳೆಯ ನಂತರ ಹಿಂಭಾಗದ ಎರಡು ಕೋಣೆಗಳಲ್ಲಿ ಬಿರುಕು ಶುರುವಾಗಿ ಈಗ ಬೆರಳು ತೂರುವಷ್ಟಾಗಿದೆ. ನೆಲವೂ ಒಂದು ಬದಿಗೆ ಇಳಿದಿದೆ. ಕಳೆದ ಮಳೆಗಾಲದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಆದರೂ ಪಂಚಾಯಿತಿಯಿಂದ ಪೂರ್ತಿ ತೆರಿಗೆಯ ನೋಟಿಸು ಬಂದಿದೆ. ರಿಯಾಯಿತಿ ಕೇಳಲು ದಾರಿ ಉಂಟೇ? ಮಡಿಕೇರಿ ನಗರಸಭೆಯ ವ್ಯಾಪ್ತಿಯಲ್ಲಿ ನಮ್ಮ ಅಕ್ಕನ ಮನೆಗೂ ಇದೇ ತೊಂದರೆ. ಅವರಿಗೂ ಇದೇ ನಿಯಮವೇ?

ಉತ್ತರ: ದಾರಿ ಉಂಟು. ಆದರೆ "ಮನೆ ಬಿರುಕು ಬಿಟ್ಟಿದೆ, ತೆರಿಗೆ ಬಿಡಿ" ಎಂಬ ಒಂದೇ ಸಾಲಿನ ಅರ್ಜಿಯಿಂದ ಅದು ತೆರೆಯುವುದಿಲ್ಲ. ರಚನೆಯಲ್ಲಿ ದೋಷವಿರುವ ಮನೆಗೆ ಇಷ್ಟು ರಿಯಾಯಿತಿ ಎಂದು ನೇರವಾಗಿ ಹೇಳುವ ಕಲಮು ನಮ್ಮ ಪಂಚಾಯಿತಿ ಕಾಯ್ದೆಯಲ್ಲೂ ಇಲ್ಲ, ಪುರಸಭೆಗಳ ಕಾಯ್ದೆಯಲ್ಲೂ ಇಲ್ಲ. ತೆರಿಗೆ ಹುಟ್ಟುವುದು ಕಚೇರಿಯ ತೆರಿಗೆ ವಹಿಯಲ್ಲಿ, ಅಂದರೆ ದಾಖಲೆ ಪುಸ್ತಕದಲ್ಲಿ, ಬರೆದಿರುವ ವಿವರದಿಂದ: ಎಷ್ಟು ಚದರ ಅಡಿ, ಯಾವ ಬಗೆಯ ಕಟ್ಟಡ, ಯಾವ ಬಳಕೆ, ಎಷ್ಟು ಮೌಲ್ಯ. ಮನೆ ಬದಲಾಗಿದ್ದರೂ ವಹಿ ಬದಲಾಗದಿದ್ದರೆ ಹಳೆಯ ತೆರಿಗೆಯೇ ಬರುತ್ತಲೇ ಇರುತ್ತದೆ. ಹಾಗಾಗಿ ನೀವು ಕೇಳಬೇಕಾದದ್ದು ವಹಿಯ ತಿದ್ದುಪಡಿ. "ರಿಯಾಯಿತಿ ಕೊಡಿ" ಎಂದರೆ ಕೊಡುವ ಅಧಿಕಾರ ತಮಗಿಲ್ಲ ಎಂದು ಪಿಡಿಒ ಸುಲಭವಾಗಿ ಹೇಳಬಹುದು. "ವಹಿಯ ವಿವರ ಸ್ಥಳದ ವಾಸ್ತವಕ್ಕೆ ಹೊಂದುತ್ತಿಲ್ಲ, ಪರಿಶೀಲಿಸಿ ಸರಿಪಡಿಸಿ" ಎಂದರೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ.

ಬೇರೆ ಕಡೆ ಇದಕ್ಕೆಂದೇ ಕಾನೂನು ಬಂದಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಪಿರೋಟೈಟ್ ಎಂಬ ಖನಿಜವಿದ್ದ ಜಲ್ಲಿ ಬಳಸಿದ್ದರಿಂದ ಮನೆಗಳ ಅಡಿಪಾಯವೇ ಪುಡಿಯಾಗತೊಡಗಿತು. 2016ರಲ್ಲಿ ಅಲ್ಲಿ ತಂದ ಕಾಯ್ದೆಯ ಪ್ರಕಾರ, ಮಾಲೀಕರು ಎಂಜಿನಿಯರ್ ವರದಿ ಕೊಟ್ಟರೆ ಸ್ಥಳೀಯ ಆಡಳಿತ ಮನೆ ನೋಡಿ ತೆರಿಗೆ ಮೌಲ್ಯ ಇಳಿಸಬೇಕು. ಹಾಗೆ ಇಳಿಸಿದ ಮೌಲ್ಯ ಐದು ವರ್ಷ ಇರುತ್ತದೆ. ಮನೆ ದುರಸ್ತಿಯಾದರೆ ಮಾಲೀಕರೇ ತಿಳಿಸಬೇಕು. ಐರ್ಲೆಂಡಿನಲ್ಲಿ ಪೈರೈಟ್ ಎಂಬ ಖನಿಜದಿಂದ ಹಾಳಾದ ಮನೆಗಳಿಗೂ ದೋಷಪೂರಿತ ಕಾಂಕ್ರೀಟ್ ಬ್ಲಾಕಿನ ಮನೆಗಳಿಗೂ ಸ್ಥಳೀಯ ಆಸ್ತಿ ತೆರಿಗೆಯಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿದ್ದಾರೆ. 2018, 2019ರ ಮಳೆ ಕಂಡ ಕೊಡಗಿಗೂ ಇಂಥದೊಂದು ನಿಯಮ ನ್ಯಾಯವಾಗಿ ಬರಬೇಕಿತ್ತು. ಬಂದಿಲ್ಲ. ಇರುವ ಕಾನೂನಿನೊಳಗೇ ಕೆಲಸ ಸಾಧಿಸಬೇಕು.

ಮೊದಲು ಪಂಚಾಯಿತಿಯ ಮಾತು. ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಗ್ರಾಮ ಪಂಚಾಯಿತಿಗೆ ಬರುವುದು 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಿಂದ. ನಿಮ್ಮ ಮನೆಯ ತೆರಿಗೆ ಯಾವ ಲೆಕ್ಕದ ಮೇಲೆ ನಿಂತಿದೆ ಎಂದು ತಿಳಿಯಲು ನೋಟಿಸು ಸಾಲದು. ಡಿಸಿಬಿ ಎಂದು ಕರೆಯುವ ಬೇಡಿಕೆ, ವಸೂಲಿ, ಬಾಕಿ ವಹಿಯ ನಕಲು ಪಡೆಯಿರಿ. ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನಲ್ಲಿ ಖಾತೆ ಆಗಿದ್ದರೆ ನಮೂನೆ 9 ಮತ್ತು 11ಎ ಅಥವಾ 11ಬಿ ತೆಗೆಸಿ. ಅದರಲ್ಲಿ ವಿಸ್ತೀರ್ಣ, ಕಟ್ಟಡದ ಬಗೆ, ಬಳಕೆ ಮತ್ತು ಚಕ್ಕುಬಂದಿಯನ್ನು ಒಂದೊಂದಾಗಿ ಸ್ಥಳಕ್ಕೆ ಹೋಲಿಸಿ. ಕೊಡಗಿನಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವ ತಪ್ಪು ಬಳಕೆಯ ಕಾಲಮ್ಮಿನದು. ಒಂದು ಕಾಲಕ್ಕೆ ಹೋಂಸ್ಟೇ ನಡೆಸಿದ್ದ ಮನೆ ವಹಿಯಲ್ಲಿ ಇನ್ನೂ ವಾಣಿಜ್ಯ ಎಂದೇ ಇರುತ್ತದೆ. ಬಿರುಕಿನಿಂದಾಗಿ ಅತಿಥಿಗಳನ್ನು ನಿಲ್ಲಿಸಿ ವರ್ಷಗಳಾಗಿದ್ದರೂ ಅದನ್ನು ಯಾರೂ ಬರೆದು ತಿಳಿಸಿರುವುದಿಲ್ಲ. ಹಾಗಿದ್ದರೆ ದೋಷದ ವಾದಕ್ಕಿಂತ ಮೊದಲು ಈ ಒಂದು ತಿದ್ದುಪಡಿ ಮಾಡಿಸಿ. ತೆರಿಗೆ ಇಳಿಕೆಯಲ್ಲಿ ದೊಡ್ಡ ಪಾಲು ಅದರಿಂದಲೇ ಬರಬಹುದು.

ಅರ್ಜಿ ಹಾಕುವ ಮುಂಚೆ ಇನ್ನೊಂದನ್ನು ಯೋಚಿಸಿ. ಮರು ಅಳತೆ ಕೇಳಿದರೆ ಅಳತೆ ನಿಜಕ್ಕೂ ನಡೆಯುತ್ತದೆ. ಕಟ್ಟಿದ ಮೇಲೆ ಸೇರಿಸಿದ ಪೋರ್ಟಿಕೋ, ತಾರಸಿಯ ಮೇಲಿನ ಶೀಟಿನ ಕೋಣೆ, ಹಿಂದಿನ ಸೌದೆ ಕೊಟ್ಟಿಗೆ ವಹಿಯಲ್ಲಿ ಇಲ್ಲದಿದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. ಇಳಿಸಲು ಹೋಗಿ ಏರಿಸಿಕೊಂಡಂತಾಗಬಾರದು. ಮೊದಲು ನೀವೇ ಟೇಪು ಹಿಡಿದು ಅಳೆದು ನೋಡಿ.

ಯಾವ ಕಾರಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ಮನೆಗೆ ಬೀಗ ಹಾಕಿದೆ, ಯಾರೂ ವಾಸವಿಲ್ಲ ಎಂಬುದು ನಿಲ್ಲುವುದಿಲ್ಲ. ತೋಟದ ನಡುವೆ ವರ್ಷಪೂರ್ತಿ ಬೀಗ ಜಡಿದ ಮನೆಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ, ಮಾಲೀಕರು ಬೆಂಗಳೂರಿನಲ್ಲಿರುತ್ತಾರೆ, ತೆರಿಗೆ ಬರುತ್ತಲೇ ಇರುತ್ತದೆ. ಖಾಲಿ ಇರುವುದು ಬೇರೆ, ವಾಸಕ್ಕೆ ಯೋಗ್ಯವಲ್ಲದಿರುವುದು ಬೇರೆ. ನಿಲ್ಲುವ ಕಾರಣಗಳು ಹೀಗಿವೆ: ಕಟ್ಟಡದ ಇಂತಿಷ್ಟು ಭಾಗ ಬಿದ್ದಿದೆ ಅಥವಾ ಕೆಡವಲಾಗಿದೆ, ಇಂತಿಷ್ಟು ಭಾಗ ಬಳಸುವಂತಿಲ್ಲ ಎಂದು ಎಂಜಿನಿಯರ್ ಪ್ರಮಾಣಪತ್ರ ಇದೆ, ಮನೆ ತೆರವು ಮಾಡುವಂತೆ ತಹಶೀಲ್ದಾರರೋ ಪಂಚಾಯಿತಿಯೋ ನೋಟಿಸು ಕೊಟ್ಟಿದ್ದಾರೆ, ಬಳಕೆ ಬದಲಾಗಿದೆ. ಇವುಗಳಲ್ಲಿ ತೆರವಿನ ನೋಟಿಸಿಗೆ ತೂಕ ಜಾಸ್ತಿ. "ಇಲ್ಲಿ ಇರಬೇಡಿ" ಎಂದು ಸರ್ಕಾರವೇ ಬರೆದುಕೊಟ್ಟ ಮನೆಯನ್ನು ವಾಸದ ಮನೆ ಎಂದು ತೆರಿಗೆ ಕೇಳುವುದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. 2018ರಿಂದ ಈಚೆ ಮಳೆಗಾಲದಲ್ಲಿ ನಿಮಗೆ ಅಂಥ ನೋಟಿಸು ಬಂದಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಕಳೆದಿದ್ದರೆ ತಾಲ್ಲೂಕು ಕಚೇರಿಯಿಂದ ದೃಢೀಕೃತ ನಕಲು ಕೇಳಿ.

ಈಗ ಸಾಕ್ಷ್ಯ. ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಿಮ್ಮ ಮನೆಯ ಕಥೆ ಕೊಡಗಿನ ನೂರಾರು ಮನೆಗಳದ್ದು. ಇಳಿಜಾರಿನಲ್ಲಿ ಮೇಲಿನ ಬರೆ ಕಡಿದು, ಆ ಮಣ್ಣನ್ನೇ ಕೆಳಬದಿಗೆ ತುಂಬಿ ಮಟ್ಟ ಮಾಡುತ್ತಾರೆ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂರುತ್ತದೆ. ಪದರ ಪದರವಾಗಿ ದಮ್ಮಸು ಹಾಕದೆ ತುಂಬಿದ ಮಣ್ಣು, ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ನೀರು ಕುಡಿದು ಕುಸಿಯುತ್ತದೆ. ಎರಡು ನೆಲ ಕೂಡುವ ಗೆರೆಯ ಮೇಲೆಯೇ ಗೋಡೆ ಬಿರಿಯುತ್ತದೆ. ಆ ಬಿರುಕು ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಏರುತ್ತದೆ. ಪ್ಲಿಂತ್ ಬೀಮ್, ಅಂದರೆ ಅಡಿಪಾಯದ ಮೇಲೆ ಗೋಡೆಯ ಬುಡದ ಕಾಂಕ್ರೀಟ್ ತೊಲೆ, ಇಲ್ಲದಿದ್ದರೆ ಇನ್ನೂ ಬೇಗ. ತಡೆಗೋಡೆಯಲ್ಲಿ ನೀರು ಹೊರಹೋಗುವ ತೂತುಗಳನ್ನು ಬಿಡದಿದ್ದರೆ, ಅಂದರೆ 75ರಿಂದ 100 ಮಿ.ಮೀ. ಪೈಪನ್ನು ಒಂದೂವರೆ ಮೀಟರಿಗೊಂದರಂತೆ ಇಟ್ಟು ಹಿಂಬದಿಗೆ ಜಲ್ಲಿ ತುಂಬದಿದ್ದರೆ, ಗೋಡೆಯ ಹಿಂದೆ ನಿಂತ ನೀರೇ ಅದನ್ನು ಹೊರಕ್ಕೆ ದೂಡುತ್ತದೆ. ಇನ್ನೊಂದು ಬಗೆಯ ದೋಷ ನೆಲದ್ದಲ್ಲ, ಕಾಂಕ್ರೀಟಿನದ್ದು. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಕಂಬದ ಕಬ್ಬಿಣಕ್ಕೆ ಸಾಮಾನ್ಯವಾಗಿ 40 ಮಿ.ಮೀ., ಅಡಿಪಾಯದಲ್ಲಿ 50 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕು. 10, 15 ಮಿ.ಮೀ. ಮಾತ್ರ ಇದ್ದರೆ ನಮ್ಮ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಂಬದ ಉದ್ದಕ್ಕೂ ನೇರ ಸೀಳು ಬೀಳುತ್ತದೆ, ತಾರಸಿಯ ಕೆಳಮೈ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಈ ಎರಡೂ ಬಗೆಗಳನ್ನು ಬೇರೆ ಬೇರೆಯಾಗಿ ದಾಖಲಿಸಿ. ಒಂದಕ್ಕೆ ಪ್ರಕೃತಿ ವಿಕೋಪದ ಪರಿಹಾರದ ದಾರಿ ಉಂಟು, ಇನ್ನೊಂದಕ್ಕೆ ಕಟ್ಟಿದವರನ್ನು ಕೇಳುವ ದಾರಿ.

ಬಿರುಕನ್ನು ದಾಖಲಿಸುವುದು ಹೀಗೆ. ಪ್ರತಿ ಬಿರುಕಿಗೂ ಒಂದು ಸಂಖ್ಯೆ ಕೊಟ್ಟು ಗೋಡೆಯ ಮೇಲೇ ಬರೆಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಹಾಕಿ. ಅತಿ ಅಗಲವಾಗಿರುವಲ್ಲಿ ಸ್ಟೀಲಿನ ಅಳತೆಪಟ್ಟಿ ಹಿಡಿದು, ಪಟ್ಟಿಯ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಬಳಿಕ 3 ಮಿ.ಮೀ. ದಪ್ಪದ ಗಾಜಿನ ಸಣ್ಣ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಎಪಾಕ್ಸಿ ಅಂಟು ಹಾಕಿ. ಪ್ಲಾಸ್ಟರಿನ ಮೇಲೆ ಅಂಟಿಸಿದರೆ ಪ್ರಯೋಜನವಿಲ್ಲ. ಆ ಜಾಗದ ಪ್ಲಾಸ್ಟರು ಕೆತ್ತಿ ಇಟ್ಟಿಗೆ ಅಥವಾ ಬ್ಲಾಕಿನ ಮೈಗೇ ಅಂಟಿಸಬೇಕು. ಗೋಡೆ ಚಲಿಸುತ್ತಿದ್ದರೆ ಗಾಜು ಸೀಳುತ್ತದೆ. ಮೇ ಕೊನೆಗೆ ಒಂದು ಅಳತೆ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು, ಅಕ್ಟೋಬರಿನ ತುಲಾ ಸಂಕ್ರಮಣ ಕಳೆದ ಮೇಲೆ ಒಂದು, ಬೇಸಿಗೆಯಲ್ಲಿ ಒಂದು ತೆಗೆದುಕೊಳ್ಳಿ. ಒಂದು ಕಾಲಕ್ಕೆ ಅಗಲವಾಗಿ ಇನ್ನೊಂದು ಕಾಲಕ್ಕೆ ಮುಚ್ಚಿಕೊಂಡರೆ ಮಣ್ಣು ಹಿಗ್ಗಿ ಕುಗ್ಗುತ್ತಿರಬಹುದು. ಪ್ರತಿ ಮಳೆಗೂ ಅಗಲವಾಗುತ್ತ ಹೋಗಿ ಒಮ್ಮೆಯೂ ಮುಚ್ಚಿಕೊಳ್ಳದಿದ್ದರೆ ನೆಲವೇ ಕುಸಿಯುತ್ತಲೋ ಜಾರುತ್ತಲೋ ಇರಬಹುದು. ಹೀಗೆ ಜಾರುತ್ತಿರುವ ನೆಲ ಮನೆಯ ಹೊರಗೂ ಗುರುತು ಬಿಡುತ್ತದೆ: ಮೇಲಿನ ತೋಟದಲ್ಲಿ ಬಿಲ್ಲಿನಾಕಾರದ ಬಿರುಕು, ವಾಲಿದ ಸಿಲ್ವರ್ ಓಕ್, ಕಾಫಿ ಸಾಲು ಅಂಕುಡೊಂಕಾಗಿರುವುದು, ಬರೆಯ ಬುಡದಿಂದ ಕೆಸರು ನೀರು ಒಸರುವುದು. ಇವುಗಳ ಫೋಟೊಗಳೂ ಕಡತದಲ್ಲಿರಲಿ.

ಎಂಜಿನಿಯರುಗಳು ಬಳಸುವ ಒಂದು ವರ್ಗೀಕರಣದಲ್ಲಿ 1 ಮಿ.ಮೀ.ವರೆಗಿನ ಬಿರುಕು ಬಣ್ಣ ಬಳಿಯುವಾಗ ಮುಚ್ಚುವಂಥದು, 5 ಮಿ.ಮೀ.ವರೆಗೆ ಸಾಮಾನ್ಯ ದುರಸ್ತಿ. 5ರಿಂದ 15 ಮಿ.ಮೀ. ಇದ್ದರೆ ಬಾಗಿಲು ಕಿಟಕಿ ಸಿಕ್ಕಿಕೊಳ್ಳುತ್ತವೆ, ಗೋಡೆಯ ಭಾಗವನ್ನೇ ಬದಲಿಸಬೇಕಾಗಬಹುದು. 15ರಿಂದ 25 ತೀವ್ರ. 25 ಮೀರಿದರೆ ಗೋಡೆ ತನ್ನ ನೆಲೆ ಕಳೆದುಕೊಳ್ಳುವ ಅಪಾಯ. ನೀವು ಹೇಳಿದ "ಬೆರಳು ತೂರುವಷ್ಟು" ಎಂದರೆ ಹೆಚ್ಚು ಕಡಿಮೆ 15 ಮಿ.ಮೀ. ನೀವು ಮನೆ ಬಿಟ್ಟದ್ದು ಸರಿಯಾದ ತೀರ್ಮಾನ. ಸಾಮಾನು ತರಲೆಂದು ಮಳೆಗಾಲದಲ್ಲಿ ಒಳಗೆ ಹೋಗಬೇಡಿ. ಮಹಜರು, ಅಂದರೆ ಅಧಿಕಾರಿಗಳ ಸ್ಥಳ ಪರಿಶೀಲನೆಯ ದಾಖಲೆ, ಆಗುವವರೆಗೆ ಬಿರುಕಿಗೆ ಸಿಮೆಂಟು ತುಂಬಬೇಡಿ, ಬಣ್ಣ ಬಳಿಯಬೇಡಿ. ಮುಚ್ಚಿದ ಬಿರುಕು ಕಡತದಲ್ಲಿ ಇಲ್ಲದ ಬಿರುಕು.

ಎಂಜಿನಿಯರ್ ವರದಿ ಬೇಕೇ ಬೇಕು, ಆದರೆ ಅದು ತೆರಿಗೆಯ ಭಾಷೆಯಲ್ಲಿರಬೇಕು. "ಗೋಡೆಗಳಲ್ಲಿ ಬಿರುಕುಗಳು ಕಂಡುಬಂದಿವೆ, ದುರಸ್ತಿ ಅಗತ್ಯ" ಎಂಬ ಒಂದು ಪುಟದ ಪ್ರಮಾಣಪತ್ರದಿಂದ ಏನೂ ಆಗುವುದಿಲ್ಲ. ವರದಿಯಲ್ಲಿ ಮನೆಯ ನಕ್ಷೆ ಇರಬೇಕು, ಬಳಸಲಾಗದ ಕೋಣೆಗಳಿಗೆ ಗೆರೆ ಹಾಕಿ ಅವುಗಳ ವಿಸ್ತೀರ್ಣವನ್ನು ಚದರ ಅಡಿಯಲ್ಲಿ ಬರೆದಿರಬೇಕು. ದೋಷದ ಕಾರಣ, ಅದು ಮುಂದುವರಿಯುತ್ತಿದೆಯೇ, ಉಳಿದ ಭಾಗ ಸುರಕ್ಷಿತವೇ, ದುರಸ್ತಿಗೆ ತಗಲುವ ಅಂದಾಜು ವೆಚ್ಚ ಎಷ್ಟು, ಪರಿಶೀಲಿಸಿದ ದಿನ ಯಾವುದು, ಇವಿಷ್ಟು ಇರಲಿ. ಕಾಂಕ್ರೀಟಿನ ದೋಷವಾದರೆ ಅದರ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಪರೀಕ್ಷೆ, ಹೊದಿಕೆಯ ಅಳತೆ ಸೇರಿಸಿ. ನೆಲ ಕುಸಿತವಾದರೆ ಅವು ದುಡ್ಡು ದಂಡ. ಮಟ್ಟದ ಅಳತೆ, ಅಂದರೆ ನೆಲ ಎಲ್ಲಿ ಎಷ್ಟು ಇಳಿದಿದೆ ಎಂಬುದು ಸಾಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮೇಸ್ತ್ರಿಯೂ ಇದನ್ನು ತೆಗೆದುಕೊಡಬಲ್ಲ, ಎಂಜಿನಿಯರ್ ದೃಢೀಕರಿಸಬೇಕು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಉದಾಹರಣೆಗೆ ಮೂಲ ತೆರಿಗೆ 1,500 ರೂಪಾಯಿ ಎಂದುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಈ ಮೂರೇ ಸೇರಿದರೂ 360 ರೂಪಾಯಿ, ಒಟ್ಟು 1,860. ಮನೆಯ ಶೇ 40 ಭಾಗ ಬಳಸಲಾಗದು ಎಂದು ಪಂಚಾಯಿತಿ ಒಪ್ಪಿದರೆ ಮೂಲ ತೆರಿಗೆ 900, ಕರ 216, ಒಟ್ಟು 1,116. ಉಳಿತಾಯ ವರ್ಷಕ್ಕೆ 744 ರೂಪಾಯಿ. ಎಂಜಿನಿಯರ್ ಶುಲ್ಕ ಇದರ ಹತ್ತು ಪಟ್ಟಾಗಬಹುದು. ತೆರಿಗೆ ಒಂದನ್ನೇ ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಆದರೂ ಮಾಡಿಸಿ ಎನ್ನುತ್ತೇವೆ, ಏಕೆಂದರೆ ಈ ಕಡತದ ನಿಜವಾದ ಬೆಲೆ ತೆರಿಗೆಯಲ್ಲಿಲ್ಲ, ಪರಿಹಾರದಲ್ಲಿದೆ.

ಪ್ರಕೃತಿ ವಿಕೋಪದಿಂದ ಮನೆ ಹಾನಿಯಾದಾಗ ಗ್ರಾಮ ಆಡಳಿತ ಅಧಿಕಾರಿ, ಪಿಡಿಒ ಮತ್ತು ಎಂಜಿನಿಯರ್ ಸೇರಿ ಜಂಟಿ ಪರಿಶೀಲನೆ ಮಾಡುತ್ತಾರೆ. ರಾಜ್ಯದಲ್ಲಿ ಹಾನಿಯನ್ನು ಶೇ 75 ಮೀರಿದರೆ ಎ, 25ರಿಂದ 75 ಇದ್ದರೆ ಬಿ, 15ರಿಂದ 25 ಇದ್ದರೆ ಸಿ ಎಂದು ವಿಂಗಡಿಸಿದ್ದಾರೆ. ಶೇ 15ಕ್ಕಿಂತ ಕಡಿಮೆ ಹಾನಿಗೆ ಏನೂ ಇಲ್ಲ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರ ಮಾನದಂಡದಲ್ಲಿ ಪೂರ್ತಿ ಹಾಳಾದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ ನಿಗದಿಯಾಗಿತ್ತು. ಭಾಗಶಃ ಹಾಳಾದ ಪಕ್ಕಾ ಮನೆಗೆ ಬರೀ 6,500. ಭಾಗಶಃ ಮತ್ತು ಪೂರ್ತಿ ಎಂಬ ಎರಡು ಮಾತುಗಳ ನಡುವೆ ಎಷ್ಟು ದೊಡ್ಡ ಕಂದಕ ಇದೆ ನೋಡಿ. ಹಿಂದೆ ನಿಮ್ಮ ಮನೆಯನ್ನು ಸಿ ಎಂದು ಬರೆದಿದ್ದರೆ, ಈಗಿನ ಸ್ಥಿತಿ ಅದಲ್ಲ. ಹೊಸದಾಗಿ ಹಾನಿ ಹೆಚ್ಚಾದ ಮಳೆಗಾಲದಲ್ಲಿಯೇ, ದಿನಗಳೊಳಗೆ, ಗ್ರಾಮ ಆಡಳಿತ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ ಹೊಸ ಮಹಜರು ಕೇಳಬೇಕು. ಮಳೆ ನಿಂತು ತಿಂಗಳುಗಳಾದ ಮೇಲೆ ಕೇಳಿದರೆ "ಹಳೆಯ ಬಿರುಕು" ಎಂಬ ಉತ್ತರ ಬರುತ್ತದೆ. ಗಾಜಿನ ಪಟ್ಟಿ ಮತ್ತು ತಾರೀಕಿನ ಗೆರೆಗಳು ಕೈ ಹಿಡಿಯುವುದು ಆಗಲೇ.

ಆದ್ದರಿಂದಲೇ ಈ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ: ತೆರಿಗೆ ತಪ್ಪಿಸಿಕೊಳ್ಳಲು ಕಟ್ಟಡವನ್ನೇ ವಹಿಯಿಂದ ತೆಗೆಸಬೇಡಿ. "ಮನೆ ಇಲ್ಲ ಎಂದು ಬರೆದುಬಿಡಿ, ತೆರಿಗೆಯೇ ಬರುವುದಿಲ್ಲ" ಎಂದು ಸಲಹೆ ಕೊಡುವವರು ಇರುತ್ತಾರೆ. ವಹಿಯಲ್ಲಿ ಮನೆ ಇಲ್ಲದಿದ್ದರೆ ಪರಿಹಾರ ಕೇಳಲು ನಿಮಗೆ ಮನೆಯೇ ಇಲ್ಲ. ಪುನರ್ವಸತಿ ಪಟ್ಟಿ, ವಿದ್ಯುತ್ ಸಂಪರ್ಕ, ಬ್ಯಾಂಕಿನ ಸಾಲದ ಅಡಮಾನ ಎಲ್ಲವೂ ಆ ಮನೆ ಸಂಖ್ಯೆಗೆ ಅಂಟಿಕೊಂಡಿವೆ. ಕಟ್ಟಡ ವಹಿಯಲ್ಲಿ ಇರಲಿ, ಅದರ ಮುಂದೆ "ಭಾಗಶಃ ಹಾನಿ, ಇಷ್ಟು ಚದರ ಅಡಿ ಬಳಕೆಗೆ ಯೋಗ್ಯವಲ್ಲ" ಎಂಬ ಷರಾ ಬರಲಿ. ಪೂರ್ತಿ ಕೆಡವಿದ ಮೇಲೆ, ಪರಿಹಾರದ ಕಡತ ಮುಗಿದ ಮೇಲೆ ತೆಗೆಸಿದರೆ ಸಾಕು. ಆಗಲೂ ತೆರಿಗೆ ಸೊನ್ನೆಯಾಗುವುದಿಲ್ಲ. ನಿವೇಶನದ ತೆರಿಗೆ ಉಳಿಯುತ್ತದೆ. ವಿದ್ಯುತ್ ಕಂಪನಿಯಾದ ಸೆಸ್ಕ್‌ಗೆ ಮೀಟರನ್ನೂ ಆತುರದಲ್ಲಿ ಒಪ್ಪಿಸಬೇಡಿ. ತಿಂಗಳುಗಟ್ಟಲೆ ಯೂನಿಟ್ ಏರದ ಬಿಲ್ಲುಗಳೇ ನೀವು ಅಲ್ಲಿ ವಾಸವಿಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ.

ಅರ್ಜಿಯ ಒಕ್ಕಣೆ ಹೀಗಿರಲಿ:

"ಮೇಲ್ಕಂಡ ಸ್ವತ್ತಿನಲ್ಲಿ 1,150 ಚದರ ಅಡಿಯ ಆರ್‌ಸಿಸಿ ವಾಸದ ಮನೆ ಎಂದು ತಮ್ಮ ವಹಿಯಲ್ಲಿ ದಾಖಲಾಗಿರುತ್ತದೆ. ನೆಲ ಕುಸಿತದಿಂದ ಸದರಿ ಮನೆಯ ಹಿಂಭಾಗದ ____ ಚದರ ಅಡಿ ವಾಸಕ್ಕೆ ಯೋಗ್ಯವಾಗಿಲ್ಲವೆಂದು ಲಗತ್ತಿಸಿದ ಎಂಜಿನಿಯರ್ ವರದಿಯಲ್ಲಿ ದೃಢಪಟ್ಟಿರುತ್ತದೆ. ದಿನಾಂಕ ____ ರಿಂದ ನಾವು ಸದರಿ ಮನೆಯಲ್ಲಿ ವಾಸವಿರುವುದಿಲ್ಲ. ಆದ್ದರಿಂದ ಸ್ಥಳ ಪರಿಶೀಲನೆ ನಡೆಸಿ, ಮಹಜರು ಬರೆದು, ವಹಿಯ ವಿವರವನ್ನು ವಾಸ್ತವಕ್ಕೆ ಅನುಗುಣವಾಗಿ ತಿದ್ದುಪಡಿ ಮಾಡಿ ತೆರಿಗೆಯನ್ನು ಮರು ನಿರ್ಧರಿಸಬೇಕಾಗಿಯೂ, ಈ ಅರ್ಜಿಯನ್ನು ಮುಂದಿನ ಸಾಮಾನ್ಯ ಸಭೆಯ ಮುಂದೆ ಮಂಡಿಸಬೇಕಾಗಿಯೂ ಕೋರುತ್ತೇನೆ. ಕೋರಿಕೆಯನ್ನು ಪರಿಗಣಿಸಲಾಗದಿದ್ದಲ್ಲಿ ಕಾರಣಸಹಿತ ಹಿಂಬರಹ ನೀಡಬೇಕಾಗಿ ವಿನಂತಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೈಯಲ್ಲಿದ್ದರೆ ಮಾತ್ರ ಮೇಲ್ಮನವಿಗೆ ಬುಡ ಇರುತ್ತದೆ. ಬಾಯಲ್ಲಿ "ಆಗುವುದಿಲ್ಲ" ಎಂದದ್ದರ ಮೇಲೆ ಯಾರ ಬಳಿಗೂ ಹೋಗಲು ಬಾರದು. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ಸಹಿ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಸ್ವೀಕರಿಸದಿದ್ದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿಯ ಮೇಲೆ ಕೈಗೊಂಡ ಕ್ರಮ ಮತ್ತು ಸಭೆಯ ನಡಾವಳಿಯ ನಕಲು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬುದು ನೆನಪಿರಲಿ. ಅದಾದ ಮೇಲೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ.

ಈ ನಡುವೆ ತೆರಿಗೆ ಕಟ್ಟುವುದನ್ನು ನಿಲ್ಲಿಸಬೇಡಿ. ಬಾಕಿ ಇದ್ದರೆ ನಿಮ್ಮ ಅರ್ಜಿಯನ್ನು ಪಕ್ಕಕ್ಕಿಡಲು ಕಚೇರಿಗೆ ಅದೇ ನೆಪವಾಗುತ್ತದೆ, ಖಾತೆಯ ನಕಲು ಸಿಗುವುದೂ ಕಷ್ಟವಾಗುತ್ತದೆ. "ದಿನಾಂಕ ____ ರ ಅರ್ಜಿಯ ತೀರ್ಮಾನಕ್ಕೆ ಒಳಪಟ್ಟು, ಆಕ್ಷೇಪಣೆಯೊಂದಿಗೆ ಪಾವತಿಸಿದೆ" ಎಂದು ಒಂದು ಪತ್ರ ಕೊಟ್ಟು ಹಣ ಕಟ್ಟಿ ರಸೀದಿ ಪಡೆಯಿರಿ. ಹಿಂದಿನ ವರ್ಷಗಳಲ್ಲಿ ಕಟ್ಟಿದ ಹಣ ವಾಪಸು ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ತಿದ್ದುಪಡಿ ಸಾಮಾನ್ಯವಾಗಿ ಮುಂದಿನ ಬೇಡಿಕೆಗೆ ಅನ್ವಯಿಸುತ್ತದೆ, ಹಾಗಾಗಿ ಏಪ್ರಿಲ್ 1ಕ್ಕೆ ಮೊದಲೇ, ಸಾಧ್ಯವಾದರೆ ಜನವರಿಯೊಳಗೆ ಅರ್ಜಿ ಒಳಗಿರಲಿ.

ಕೊಡಗಿನದೇ ಆದ ಇನ್ನೊಂದು ತೊಡಕು ಹೆಸರಿನದು. ಜಮ್ಮಾ ಜಾಗದಲ್ಲಿ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗದಲ್ಲಿ, ಕಟ್ಟಿದ ಮನೆಯ ತೆರಿಗೆ ಬೇಡಿಕೆ ಎಷ್ಟೋ ಸಲ ಕುಟುಂಬದ ಯಜಮಾನರಾದ ಪಟ್ಟೇದಾರರ ಅಥವಾ ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಇರುತ್ತದೆ. ಅರ್ಜಿದಾರರ ಹೆಸರು ವಹಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ವಾಪಸಾಗಬಹುದು. ಖಾತೆ ಬದಲಾವಣೆಗೆ ಕಾಯುತ್ತ ಕೂರದೆ, ವಂಶವೃಕ್ಷ, ಮರಣ ಪ್ರಮಾಣಪತ್ರ, ಉಳಿದ ಹಕ್ಕುದಾರರ ಒಪ್ಪಿಗೆ ಪತ್ರ ಇಟ್ಟು ವಾಸದಾರರಾಗಿ ಅರ್ಜಿ ಕೊಡಿ. ತೋಟದ ಕಾರ್ಮಿಕರ ಲೈನ್ ಮನೆಗಳದ್ದಾದರೆ ಮಾಲೀಕರೇ ಕೊಡಬೇಕು. ಪ್ರತಿ ಮನೆಯನ್ನೂ ಬೇರೆಯಾಗಿ ತೋರಿಸಬೇಕು, ಇಡೀ ಸಾಲಿಗೆ ಒಂದೇ ಷರಾ ಹಾಕಿಸಿದರೆ ಗಟ್ಟಿ ಇರುವ ಮನೆಗಳ ದಾಖಲೆಯೂ ಕೆಡುತ್ತದೆ.

ಇನ್ನು ನಿಮ್ಮ ಅಕ್ಕನ ಮನೆ. ನಗರಸಭೆಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ, ಅಲ್ಲಿ ತೆರಿಗೆಯನ್ನು ಮಾಲೀಕರೇ ಸ್ವಯಂ ಘೋಷಣೆ ಮಾಡಿ ಕಟ್ಟುತ್ತಾರೆ. ಮಾರ್ಗಸೂಚಿ ಬೆಲೆ, ನಿವೇಶನದ ಮತ್ತು ಕಟ್ಟಡದ ವಿಸ್ತೀರ್ಣ, ನಿರ್ಮಾಣದ ಬಗೆ, ಬಳಕೆ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಇದರ ಆಧಾರ. ಸವಕಳಿ ವಯಸ್ಸಿಗೆ ಸಿಗುತ್ತದೆ, ದೋಷಕ್ಕಲ್ಲ. ಐದೇ ವರ್ಷದ ಮನೆ ನಡುವೆ ಸೀಳಿದ್ದರೂ ನಮೂನೆಯ ಕಣ್ಣಿಗೆ ಅದು ಹೊಸ ಮನೆ. ಹೀಗಾಗಿ ತಾವಾಗಿಯೇ ವಿಸ್ತೀರ್ಣ ಕಡಿಮೆ ತೋರಿಸಿ ಕಟ್ಟಿಬಿಡುವ ಆಸೆ ಬರುತ್ತದೆ. ಅದು ಬೇಡ. ನಂತರ ಪರಿಶೀಲನೆಯಲ್ಲಿ ತಪ್ಪು ಘೋಷಣೆ ಎಂದಾದರೆ ವ್ಯತ್ಯಾಸದ ಜೊತೆಗೆ ದಂಡವೂ ಬೀಳುತ್ತದೆ. ಮೊದಲು ಪೌರಾಯುಕ್ತರಿಗೆ ವರದಿಯೊಂದಿಗೆ ಅರ್ಜಿ ಕೊಟ್ಟು, ಕಂದಾಯ ವಿಭಾಗದ ಪರಿಶೀಲನೆ ಆಗಿ, ನಗರಸಭೆಯ ಗಣಕೀಕೃತ ದಾಖಲೆಯಾದ ಇ-ಆಸ್ತಿಯಲ್ಲಿ ಕಟ್ಟಡದ ವಿವರ ಬದಲಾದ ಮೇಲೆ ಆ ವಿಸ್ತೀರ್ಣಕ್ಕೆ ಘೋಷಣೆ ಮಾಡಲಿ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ಕೊನೆಯವರೆಗೆ ದಂಡವಿಲ್ಲ, ಆಮೇಲೆ ತಿಂಗಳಿಗೆ ಶೇ 2 ದಂಡ. ಅರ್ಜಿ ಬಾಕಿ ಇದ್ದರೂ ಏಪ್ರಿಲಿನಲ್ಲೇ ಆಕ್ಷೇಪಣೆಯೊಂದಿಗೆ ಕಟ್ಟುವುದು ಲಾಭ. ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರದಂಥ 2018ರಲ್ಲಿ ಪೆಟ್ಟು ತಿಂದ ಬಡಾವಣೆಗಳ ಮನೆಯಾಗಿದ್ದರೆ ಆಗಿನ ಸಮೀಕ್ಷೆಯ ದಾಖಲೆಯ ನಕಲು ತೆಗೆಸಿ ಲಗತ್ತಿಸಲಿ.

ನಿಮ್ಮ ಮನೆಯಲ್ಲಿ ಮಾಜಿ ಸೈನಿಕರು ಇದ್ದಾರೆಯೇ? ಕೊಡಗಿನಲ್ಲಿ ಈ ಪ್ರಶ್ನೆ ಕೇಳದೆ ಬಿಡಲಾಗದು. ಮಾಜಿ ಸೈನಿಕರು ಅಥವಾ ಅವರ ಪತ್ನಿ ಸ್ವಂತ ವಾಸಕ್ಕೆ ಬಳಸುವ ಮನೆಗೆ ತೆರಿಗೆಯಲ್ಲಿ ಶೇ 50 ವಿನಾಯಿತಿ ಉಂಟು. ಬಿರುಕಿನ ಕಾರಣಕ್ಕೆ ಸಿಗುವುದಕ್ಕಿಂತ ಇದು ದೊಡ್ಡದು, ಸುಲಭವೂ ಹೌದು. ಗುರುತಿನ ಚೀಟಿಯೊಂದಿಗೆ ಕೇಳಿ, ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಆದರೆ ಅದು "ಸ್ವಂತ ವಾಸ"ಕ್ಕೆ ಕಟ್ಟಿದ ವಿನಾಯಿತಿ. ಮನೆ ಬಿಟ್ಟಿದ್ದೇವೆ ಎಂದು ಅರ್ಜಿಯಲ್ಲಿ ಬರೆಯುವಾಗ, ಅಪಾಯದ ಕಾರಣ ತಾತ್ಕಾಲಿಕವಾಗಿ ತೆರವು ಮಾಡಿದ್ದೇವೆ, ಬಾಡಿಗೆಗೆ ಕೊಟ್ಟಿಲ್ಲ ಎಂಬುದನ್ನೂ ಸೇರಿಸಿ.

ದೋಷ ಕಟ್ಟಿದವರದ್ದಾಗಿದ್ದರೆ ತೆರಿಗೆ ಕಚೇರಿಯ ಬಾಗಿಲಲ್ಲಿ ಸಮಯ ಕಳೆಯುವುದಕ್ಕಿಂತ ಗಡುವಿನ ಕಡೆ ನೋಡಿ. ಬಡಾವಣೆಯ ವಿಲ್ಲಾ ಅಥವಾ ಫ್ಲ್ಯಾಟ್ ಕೊಂಡವರಿಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಪ್ರಕರಣದಡಿ, ಸ್ವಾಧೀನ ಪಡೆದ ಐದು ವರ್ಷದೊಳಗೆ ರಚನೆಯ ದೋಷವನ್ನು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಗುತ್ತಿಗೆದಾರರಿಂದ ಸ್ವಂತ ಜಾಗದಲ್ಲಿ ಕಟ್ಟಿಸಿದ್ದರೆ ಗ್ರಾಹಕ ಆಯೋಗ. ಅಲ್ಲಿ ವ್ಯಾಜ್ಯ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಮಿತಿ. 2013ರಲ್ಲಿ ಕಟ್ಟಿ 2018ರಲ್ಲಿ ಬಿರಿದ ನಿಮ್ಮ ಮನೆಗೆ ಈ ಬಾಗಿಲು ಬಹುತೇಕ ಮುಚ್ಚಿದೆ. ಅಕ್ಕನ ಮನೆ ಹೊಸದಾಗಿದ್ದರೆ ಇವತ್ತೇ ದಿನ ಎಣಿಸಿ ನೋಡಲಿ.

ತಿದ್ದುಪಡಿ ಆದ ಮೇಲೆ ಮುಂದಿನ ಏಪ್ರಿಲಿನ ನೋಟಿಸನ್ನು ಮತ್ತೆ ನೋಡಿ. ನಡಾವಳಿಯಲ್ಲಿ ಇಳಿದ ತೆರಿಗೆ ತಂತ್ರಾಂಶದಲ್ಲಿ ಇಳಿಯದೆ ಹಳೆಯ ಅಂಕಿಯೇ ಮುದ್ರಣವಾಗಿ ಬರಬಹುದು. ಹಾಗಾದರೆ ನಡಾವಳಿಯ ನಕಲು ಇಟ್ಟು ಒಂದು ಪತ್ರ ಕೊಟ್ಟರೆ ಸಾಕು, ಹೊಸ ಅರ್ಜಿ ಬೇಡ. ಪುನರ್ವಸತಿ ಬಡಾವಣೆಯಲ್ಲಿ ಮನೆ ಸಿಕ್ಕವರೂ ಹಳೆಯ ಪಂಚಾಯಿತಿಯಲ್ಲಿ ಬಿದ್ದ ಮನೆಯ ಬೇಡಿಕೆ ಇನ್ನೂ ಬೆಳೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಅಡಿಪಾಯ ಕಟ್ಟಿ, ತಡೆಗೋಡೆ ಹಾಕಿಸಿ ಮನೆ ಸರಿಮಾಡಿಸಿಕೊಂಡರೆ ಅದನ್ನೂ ನೀವೇ ಬರೆದು ತಿಳಿಸಿ, ದುರಸ್ತಿಯ ಬಿಲ್ಲು ಮತ್ತು ಎಂಜಿನಿಯರರ ಹೊಸ ಪ್ರಮಾಣಪತ್ರವನ್ನು ಅದೇ ಕಡತಕ್ಕೆ ಸೇರಿಸಿ. ಮುಂದೆ ಮನೆ ಮಾರುವಾಗ ಅಥವಾ ಸಾಲ ಕೇಳುವಾಗ "ವಾಸಕ್ಕೆ ಯೋಗ್ಯವಲ್ಲ" ಎಂಬ ಹಳೆಯ ಷರಾ ಅಡ್ಡ ಬಾರದಂತೆ ತೆಗೆಸುವುದು ಆ ಪ್ರಮಾಣಪತ್ರದಿಂದಲೇ.